ದೊಡ್ಡಸ್ವಾಮಿಯವರು ಕಲಿತ ಪಾಠ

ಚಳ್ಳಕೆರೆಯ ಶೇಂಗಾ ಹೊಲಗಳ ಬಯಲಿನಲ್ಲಿ, ಮೊಳಕಾಲ್ಮೂರಿನ ರೇಷ್ಮೆ ಮಗ್ಗಗಳ ನಡುವೆ, ದೇವರ ಎತ್ತುಗಳನ್ನು ಭಕ್ತಿಯಿಂದ ಸಾಕುವ ಮ್ಯಾಸನಾಯಕರ ಹಟ್ಟಿಗಳ ನೆರೆಯಲ್ಲಿ ಸೇವೆಗೆ ನಿಲ್ಲುವ ಗುರುವಿಗೆ, ಗುರುಮಠದಲ್ಲಿ ಕಲಿತ ದೈವಶಾಸ್ತ್ರವು ಎಷ್ಟರಮಟ್ಟಿಗೆ ನೆರವಾದೀತು? 1988ರಲ್ಲಿ ರಚಿತವಾದ ಶಿವಮೊಗ್ಗ ಧರ್ಮಕ್ಷೇತ್ರಕ್ಕೆ ಸೇರಿದ ಈ ತಾಲ್ಲೂಕುಗಳಲ್ಲಿ ಇಂದಿಗೂ ಏಳುವ ಈ ಪ್ರಶ್ನೆಯನ್ನು, ಇನ್ನೂರು ವರ್ಷಗಳ ಹಿಂದೆ ಮೈಸೂರು ಸೀಮೆಯಲ್ಲಿ ತಮ್ಮ ಬಾಳಿನಿಂದಲೇ ಎದುರಿಸಿದವರು ಅಬ್ಬೆ ದುಬಾಯ್.

ಅವರು ಹುಟ್ಟಿದ್ದು 1765ರಲ್ಲಿ, ಫ್ರಾನ್ಸ್ ದೇಶದ ದಕ್ಷಿಣ ಭಾಗದ ಆರ್ದೆಶ್ ಪ್ರಾಂತ್ಯದಲ್ಲಿ. 1792ರಲ್ಲಿ ಯಾಜಕ ದೀಕ್ಷೆ ಪಡೆದರು. ತಾಯ್ನಾಡು ಮಹಾಕ್ರಾಂತಿಯ ಬೇಗೆಯಲ್ಲಿದ್ದ ಆ ವರ್ಷವೇ ಪ್ಯಾರಿಸ್ ವಿದೇಶಿ ಮಿಷನ್ ಸಂಸ್ಥೆಯ ಪರವಾಗಿ ಭಾರತಕ್ಕೆ ಹೊರಟರು. 1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಮೇಲೆ, ಟಿಪ್ಪುವಿನ ಆಳ್ವಿಕೆಯಲ್ಲಿ ನೊಂದು ಚದುರಿದ್ದ ಕ್ರೈಸ್ತರನ್ನು ಒಗ್ಗೂಡಿಸುವ ಹೊಣೆ ಅವರ ಪಾಲಿಗೆ ಬಂತು.

ಹೊತ್ತು ತಂದ ಶಾಸ್ತ್ರಜ್ಞಾನ ಒಂದೇ ಸಾಲದೆಂದು ಅವರು ಬೇಗನೆ ಅರಿತರು. ಇಲ್ಲಿನ ಉಡುಪನ್ನು ತೊಟ್ಟರು, ಮಾಂಸಾಹಾರವನ್ನು ತೊರೆದರು, ಜನರ ನುಡಿ ಮತ್ತು ನಡೆವಳಿಕೆಗಳನ್ನು ಕಲಿತರು. ಜನ ಅವರನ್ನು ದೊಡ್ಡಸ್ವಾಮಿಯೋರು ಎಂದೇ ಕರೆದರು. ಸಿಡುಬಿನ ವಿರುದ್ಧ ಸಾವಿರಾರು ಮಂದಿಗೆ ಲಸಿಕೆ ಹಾಕಿಸಿದರು. ಹಾಸನ ಸೀಮೆಯ ಸಾಥಳ್ಳಿಯಲ್ಲಿ ಬಡ ಕುಟುಂಬಗಳನ್ನು ಬೇಸಾಯಕ್ಕೆ ನೆಲೆಗೊಳಿಸಿದರು.

ಹಿಂದೂಗಳ ಆಚಾರ ವಿಚಾರಗಳನ್ನು ಕುರಿತ ಅವರ ಹಸ್ತಪ್ರತಿಯನ್ನು ಈಸ್ಟ್ ಇಂಡಿಯಾ ಕಂಪನಿ 1807ರಲ್ಲಿ ಕೊಂಡುಕೊಂಡಿತು. ಅದು 1816ರಲ್ಲಿ ಇಂಗ್ಲಿಷಿನಲ್ಲಿ ಅಚ್ಚಾಗಿ ಲೋಕಪ್ರಸಿದ್ಧವಾಯಿತು. ಆದರೆ ಅದರ ಬಹುಭಾಗಕ್ಕೆ, ಅವರಿಗಿಂತ ಮೊದಲು ಇಲ್ಲಿ ದುಡಿದ ಯೇಸುಸಭೆಯ ಕೂರ್ದೂ ಸ್ವಾಮಿಗಳ ಬರಹವೇ ಆಧಾರವೆಂದು 20ನೆಯ ಶತಮಾನದ ಸಂಶೋಧನೆ ತೋರಿಸಿದೆ. ಗ್ರಂಥದ ಎಷ್ಟೋ ತೀರ್ಪುಗಳು ಕಟುವಾದವು, ಏಕಪಕ್ಷೀಯವಾದವು. ಇವನ್ನು ಮರೆಮಾಚಿ ಅವರನ್ನು ಕೊಂಡಾಡುವುದು ನ್ಯಾಯವಲ್ಲ.

ಕಡೆಗೆ ಅವರನ್ನು ಕಾಡಿದ್ದು ತಮ್ಮದೇ ಸೋಲಿನ ಅರಿವು. ಮೂವತ್ತು ವರ್ಷಗಳ ದುಡಿಮೆಯ ನಂತರ, ಈ ದೇಶದಲ್ಲಿ ಶುಭಸಂದೇಶ ಬೇರೂರುವುದು ಅಸಾಧ್ಯವೆಂಬ ನಿರಾಶೆಯ ನಿಲುವನ್ನು ಅವರು 1823ರಲ್ಲಿ ಪ್ರಕಟವಾದ ಪತ್ರಗಳಲ್ಲಿ ಮರೆಯಿಲ್ಲದೆ ಬರೆದರು. ಅದು ಇತರ ಮಿಷನರಿಗಳ ಕೋಪಕ್ಕೂ ಕಾರಣವಾಯಿತು. ಅದೇ ವರ್ಷ ಭಾರತವನ್ನು ಬಿಟ್ಟು ಹೊರಟವರು ಮರಳಿ ಬರಲಿಲ್ಲ.

ಕಥೆ ಅಲ್ಲಿಗೆ ಮುಗಿಯಲಿಲ್ಲ. ನಿರಾಶರಾದ ಆ ಗುರುವನ್ನೇ ಪ್ಯಾರಿಸ್ಸಿನ ಮಿಷನ್ ಗುರುಮಠ ತನ್ನ ನಿರ್ದೇಶಕರಲ್ಲಿ ಒಬ್ಬರನ್ನಾಗಿ ಸೇರಿಸಿಕೊಂಡಿತು. 1836ರಿಂದ 1839ರವರೆಗೆ ಅವರು ಅದರ ಮುಖ್ಯಸ್ಥರಾಗಿದ್ದರು. ದೂರದೇಶಗಳಿಗೆ ಹೊರಡುವ ಯುವಕರ ಎದುರಿಗೆ ಈಗ ಗ್ರಂಥಗಳ ಜೊತೆಗೆ, ಬಿಸಿಲಿನಲ್ಲಿ ನಡೆದು ಬಂದ ಒಬ್ಬ ಹಿರಿಯನೂ ಇದ್ದ. 1826ರಲ್ಲಿ ಅವರ ಪಂಚತಂತ್ರದ ಫ್ರೆಂಚ್ ಅನುವಾದವೂ ಹೊರಬಂದಿತ್ತು. ಬಿಟ್ಟುಬಂದ ನಾಡು ಅವರ ಮನಸ್ಸನ್ನು ಬಿಟ್ಟಿರಲಿಲ್ಲ. 1848ರಲ್ಲಿ ಅವರು ಪ್ರಭುವಿನಲ್ಲಿ ನಿದ್ರಿಸಿದರು.

ಅಧ್ಯಯನವಿಲ್ಲದ ಸೇವೆ ಕುರುಡು. ಜನರ ನಡುವೆ ಬಾಳದ ಅಧ್ಯಯನ ಕುಂಟು. ದೊಡ್ಡಸ್ವಾಮಿಯವರ ಬಾಳು ಇದಕ್ಕೆ ಇನ್ನೊಂದು ಮಾತನ್ನು ಸೇರಿಸುತ್ತದೆ: ಫಲವನ್ನು ಎಣಿಸುವ ಅಧಿಕಾರ ಬಿತ್ತುವವನಿಗಿಲ್ಲ. ಅವರು ಸೋತೆವೆಂದು ಬರೆದಿಟ್ಟರೂ ಸಾಥಳ್ಳಿಯಲ್ಲಿ ಕ್ರೈಸ್ತ ಸಮುದಾಯ ಉಳಿಯಿತು, ಬೆಳೆಯಿತು. ಮಳೆ ಕೈಕೊಟ್ಟರೂ ಮರುವರ್ಷ ಮತ್ತೆ ಶೇಂಗಾ ಬಿತ್ತುವ ಚಳ್ಳಕೆರೆಯ ರೈತನಿಗೆ ಈ ಮಾತನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಗುರುಮಠದಿಂದ ಹೊರಬರುವ ನವಗುರುಗಳು ಅವನಿಂದಲೂ ಒಂದು ಪಾಠ ಕಲಿಯಲಿ.