ಕಡಲಾಚೆಯಿಂದ ಮರಳಿದ ಆಟಗಾರ: ಕ್ರೆಶಿಮಿರ್ ಚೋಸಿಚ್

ನಮ್ಮ ಶಾಲೆಯ ಅಂಗಳದಲ್ಲಿ ಸಂಜೆಯ ಹೊತ್ತು ಬಾಸ್ಕೆಟ್‌ಬಾಲ್ ಆಡುತ್ತಿದ್ದ ಎಷ್ಟೋ ಯುವಕರು ಇಂದು ಕಡಲಾಚೆಯ ನಾಡುಗಳಲ್ಲಿ ನೆಲೆಸಿದ್ದಾರೆ. ಈ ಶತಮಾನೋತ್ಸವ ಸಂಚಿಕೆಗೆ ಲೇಖನವೊಂದನ್ನು ಬರೆಯಲು ಕುಳಿತಾಗ ಅವರ ನೆನಪಾಯಿತು. ಅದರ ಬೆನ್ನಿಗೇ, ಕಡಲಾಚೆಗೆ ಹೋಗಿ ಕೀರ್ತಿ ಗಳಿಸಿ ತವರಿಗೆ ಮರಳಿದ ಆಟಗಾರರೊಬ್ಬರ ಜೀವನವೂ ನೆನಪಾಯಿತು. ಅದನ್ನೇ ವಾಚಕರ ಮುಂದಿಡುತ್ತಿದ್ದೇವೆ.

ಕ್ರೆಶಿಮಿರ್ ಚೋಸಿಚ್ ಅವರು 1948ರ ನವೆಂಬರ್ 26ರಂದು ಅಂದಿನ ಯುಗೋಸ್ಲಾವಿಯದ ಜಾಗ್ರೆಬ್ ನಗರದಲ್ಲಿ ಜನಿಸಿದರು. ಬೆಳೆದದ್ದು ಏಡ್ರಿಯಾಟಿಕ್ ಕಡಲ ತಡಿಯ ಜಾದರ್ ಪಟ್ಟಣದಲ್ಲಿ. ಒಂಬತ್ತನೆಯ ಶತಮಾನದಲ್ಲಿ ಕಟ್ಟಿದ ಸಂತ ದೊನಾತರ ದುಂಡಾಕಾರದ ದೇವಾಲಯ ಇಂದಿಗೂ ಆ ಊರಿನಲ್ಲಿದೆ. ಎರಡನೆಯ ಮಹಾಯುದ್ಧದ ಬಾಂಬುಗಳಿಗೆ ತುತ್ತಾಗಿ ಮತ್ತೆ ಎದ್ದು ನಿಂತ ಊರದು. ನಮ್ಮಲ್ಲಿ ಕ್ರಿಕೆಟ್ ಹೇಗೋ ಅಲ್ಲಿ ಬಾಸ್ಕೆಟ್‌ಬಾಲ್ ಹಾಗೆ. 1965ರಲ್ಲಿ ಜಾದರ್ ತಂಡವು ರಾಷ್ಟ್ರೀಯ ಲೀಗ್ ಗೆದ್ದಾಗ ಆ ತಂಡದಲ್ಲಿದ್ದ ಚೋಸಿಚ್ ಅವರಿಗೆ ಹದಿನಾರೇ ವರ್ಷ. 1968ರ ಮೆಕ್ಸಿಕೊ ಒಲಿಂಪಿಕ್ಸ್‌ನಲ್ಲಿ ಬೆಳ್ಳಿಯ ಪದಕ ಪಡೆದಾಗ ಹತ್ತೊಂಬತ್ತು.

ಅನಂತರ ಅವರು ವಿದ್ಯಾಭ್ಯಾಸಕ್ಕಾಗಿ ಅಮೆರಿಕದ ಯೂಟಾ ರಾಜ್ಯದ ಬ್ರಿಗ್‌ಹ್ಯಾಮ್ ಯಂಗ್ ವಿಶ್ವವಿದ್ಯಾಲಯವನ್ನು ಸೇರಿದರು. ಅವರ ಎತ್ತರ 2 ಮೀಟರ್ 11 ಸೆಂಟಿಮೀಟರ್. ಇಷ್ಟು ಎತ್ತರದವರು ಬುಟ್ಟಿಯ ಕೆಳಗೆ ಕಂಬದಂತೆ ನಿಂತು ಬಂದ ಚೆಂಡನ್ನು ಒಳಗೆ ಹಾಕಿದರೆ ಸಾಕು ಎಂಬುದು ಅಂದಿನ ರೂಢಿ. ಚೋಸಿಚ್ ಅವರಾದರೋ ಗಿಡ್ಡ ಆಟಗಾರರಂತೆ ಚೆಂಡನ್ನು ಪುಟಿಸುತ್ತ ಅಂಗಳದುದ್ದಕ್ಕೂ ಓಡುವರು, ದೂರದಿಂದ ಎಸೆಯುವರು, ಬೆನ್ನ ಹಿಂದಿನಿಂದ ಸಂಗಾತಿಗೆ ಚೆಂಡು ದಾಟಿಸುವರು. ವಿಶ್ವವಿದ್ಯಾಲಯದ ಪರವಾಗಿ ಮೂರು ಋತುಗಳಲ್ಲಿ 1,512 ಅಂಕಗಳನ್ನು ಗಳಿಸಿದರು. 1972 ಮತ್ತು 1973ರಲ್ಲಿ ಅಖಿಲ ಅಮೆರಿಕ ಕಾಲೇಜು ಆಟಗಾರರ ಗೌರವಕ್ಕೆ ಪಾತ್ರರಾದರು. ವಿದೇಶೀಯನೊಬ್ಬನಿಗೆ ಈ ಗೌರವ ಸಂದದ್ದು ಅದೇ ಮೊದಲು.

ಇಲ್ಲಿ ಒಂದು ಸಂಗತಿಯನ್ನು ಮುಚ್ಚಿಡದೆ ಹೇಳಬೇಕು. 1971ರಲ್ಲಿ, ವಿದ್ಯಾರ್ಥಿಯಾಗಿದ್ದಾಗಲೇ, ಅವರು ಆ ವಿಶ್ವವಿದ್ಯಾಲಯವನ್ನು ನಡೆಸುವ ಮಾರ್ಮನ್ ಸಭೆಯಲ್ಲಿ ದೀಕ್ಷಾಸ್ನಾನ ಪಡೆದರು. ಅದು ನಮ್ಮ ಹಾದಿಯಲ್ಲ. ಆ ಸಭೆಯ ಬೋಧನೆಯನ್ನು ನಾವು ಒಪ್ಪುವುದೂ ಇಲ್ಲ. ಇಂಥವರ ಜೀವನಕ್ಕೆ ಕಥೋಲಿಕರ ಸಂಚಿಕೆಯಲ್ಲಿ ಸ್ಥಳವೇಕೆ ಎಂದು ಕೆಲವರು ಕೇಳಬಹುದು. ಆದರೆ ಶ್ರದ್ಧೆಯನ್ನು ಸಂಶಯದಿಂದ ಕಾಣುತ್ತಿದ್ದ ಕಮ್ಯುನಿಸ್ಟ್ ಆಡಳಿತದ ನಾಡಿಗೆ ಮರಳಿದ ಮೇಲೂ ಅವರು ತಮ್ಮ ನಂಬಿಕೆಯನ್ನು ಅಡಗಿಸಿಡಲಿಲ್ಲ. ಅಷ್ಟನ್ನು ಗೌರವಿಸಲು ನಮಗೆ ಸಂಕೋಚವಿಲ್ಲ.

ಅಮೆರಿಕದ ವೃತ್ತಿಪರ ತಂಡಗಳು ಅವರನ್ನು ಕರೆಯದೆ ಇರಲಿಲ್ಲ. 1972ರಲ್ಲಿ ಪೋರ್ಟ್‌ಲೆಂಡ್, 1973ರಲ್ಲಿ ಲಾಸ್ ಏಂಜಲಿಸ್ ಲೇಕರ್ಸ್ ಅವರನ್ನು ಆಯ್ದುಕೊಂಡವು. ಎರಡನ್ನೂ ಅವರು ನಿರಾಕರಿಸಿದರು. ಅಂದಿನ ನಿಯಮದಂತೆ ಅಮೆರಿಕದ ವೃತ್ತಿಪರ ಲೀಗಿನಲ್ಲಿ ಆಡಿದವರು ತಮ್ಮ ರಾಷ್ಟ್ರದ ಪರವಾಗಿ ಒಲಿಂಪಿಕ್ಸ್‌ನಲ್ಲಾಗಲಿ ವಿಶ್ವ ಪಂದ್ಯಾವಳಿಯಲ್ಲಾಗಲಿ ಆಡುವಂತಿರಲಿಲ್ಲ. 1989ರವರೆಗೂ ಈ ನಿರ್ಬಂಧವಿತ್ತು. ಹಣವೂ ಹೆಸರೂ ಒಂದು ಕಡೆ, ತಾಯ್ನಾಡಿನ ಅಂಗಿ ಇನ್ನೊಂದು ಕಡೆ. ಚೋಸಿಚ್ ಅವರು ಜಾದರಿಗೆ ಮರಳಿದರು. 1974 ಮತ್ತು 1975ರಲ್ಲಿ ಆ ಚಿಕ್ಕ ಊರಿನ ತಂಡ ಮತ್ತೆ ರಾಷ್ಟ್ರೀಯ ಲೀಗ್ ಗೆದ್ದಿತು.

ಮುಂದೆ ಲ್ಯುಬ್ಲಿಯಾನದಲ್ಲಿ ಆಡಿ, ತರುವಾಯ ಇಟಲಿಯ ಬೊಲೊನ್ಯ ನಗರದ ವಿರ್ತುಸ್ ತಂಡ ಸೇರಿ 1979 ಮತ್ತು 1980ರಲ್ಲಿ ಇಟಲಿಯ ಲೀಗನ್ನು ಗೆದ್ದುಕೊಟ್ಟರು. ಯೂರೋಪಿನ ಕ್ಲಬ್ಬುಗಳಲ್ಲಿ ಆಡುವುದಕ್ಕೆ ಆ ನಿರ್ಬಂಧ ಅನ್ವಯಿಸುತ್ತಿರಲಿಲ್ಲವಾದ್ದರಿಂದ ರಾಷ್ಟ್ರದ ತಂಡವನ್ನು ಅವರು ಬಿಡಬೇಕಾಗಲಿಲ್ಲ. 1970 ಮತ್ತು 1978ರಲ್ಲಿ ವಿಶ್ವ ಪ್ರಶಸ್ತಿ, 1973ರಿಂದ 1977ರೊಳಗೆ ಮೂರು ಬಾರಿ ಯೂರೋಪಿನ ಪ್ರಶಸ್ತಿ, 1980ರಲ್ಲಿ ಮಾಸ್ಕೊದಲ್ಲಿ ಒಲಿಂಪಿಕ್ ಚಿನ್ನ, ಎಲ್ಲವೂ ಆ ತಂಡಕ್ಕೆ ದೊರೆತವು.

ತರಬೇತುದಾರರಾಗಿ ಅವರು ತೋರಿದ ತಾಳ್ಮೆ ಪದಕಗಳಿಗಿಂತ ನಮಗೆ ಹೆಚ್ಚು ಮೆಚ್ಚಿಗೆಯಾದದ್ದು. 1986ರ ವಿಶ್ವ ಪಂದ್ಯಾವಳಿಯ ಸೆಮಿಫೈನಲ್‌ನಲ್ಲಿ ಸೋವಿಯತ್ ತಂಡದ ಎದುರು ಒಂದು ನಿಮಿಷಕ್ಕೂ ಕಡಿಮೆ ಉಳಿದಿದ್ದಾಗ ಯುಗೋಸ್ಲಾವಿಯ 9 ಅಂಕ ಮುಂದಿತ್ತು. ಆ ಮುನ್ನಡೆ ಕರಗುತ್ತ ಬಂದಾಗ ಹದಿನೆಂಟರ ಹುಡುಗ ವ್ಲಾದೆ ದಿವಾಚ್ ಚೆಂಡನ್ನು ನಿಯಮ ಮೀರಿ ಎರಡನೆಯ ಬಾರಿ ಪುಟಿಸಿದ; ಚೆಂಡು ಎದುರಾಳಿಗೆ ಹೋಯಿತು, ಪಂದ್ಯವೂ ಒಂದೇ ಅಂಕದಿಂದ ಕೈಬಿಟ್ಟಿತು. ಅಂಥ ಹುಡುಗನನ್ನು ದೂರವಿಡುವುದು ಸುಲಭವಿತ್ತು. ಚೋಸಿಚ್ ಅವರು ಮರುವರ್ಷವೂ ಅವನನ್ನು ತಂಡದಲ್ಲಿ ಉಳಿಸಿಕೊಂಡರು. ಕುಕೊಚ್, ರಾಜಾ ಮೊದಲಾದ ಎಳೆಯರನ್ನೂ ಕರೆತಂದರು. ಮುಂದೆ ಈ ಮೂವರೂ ಅಮೆರಿಕದ ಲೀಗಿನಲ್ಲಿಯೇ ಆಡಿದರು.

ಯುಗೋಸ್ಲಾವಿಯ ಒಡೆದು ಯುದ್ಧವಾದಾಗ ಜಾದರಿನ ಮೇಲೂ ಷೆಲ್‌ಗಳು ಬಿದ್ದವು. ಚೋಸಿಚ್ ಅವರು ಆಗ ಮತ್ತೆ ಅಮೆರಿಕಕ್ಕೆ ತೆರಳಿ, ವಾಷಿಂಗ್ಟನ್ನಿನಲ್ಲಿ ಹೊಸ ಕ್ರೊಯೇಷಿಯದ ಉಪರಾಯಭಾರಿಯಾಗಿ ದುಡಿದರು. ಯುದ್ಧ ಮುಗಿದುದನ್ನು ಕಾಣುವ ಭಾಗ್ಯ ಅವರಿಗಿರಲಿಲ್ಲ. ದುಗ್ಧಗ್ರಂಥಿಗಳ ಕ್ಯಾನ್ಸರಿನಿಂದ 1995ರ ಮೇ 25ರಂದು ಬಾಲ್ಟಿಮೋರಿನಲ್ಲಿ, ತಮ್ಮ ನಲವತ್ತಾರನೆಯ ವಯಸ್ಸಿನಲ್ಲಿ, ನಿಧನರಾದರು. ಜಾಗ್ರೆಬಿನ ಮಿರೊಗೊಯ್ ಸ್ಮಶಾನದಲ್ಲಿ ಅವರನ್ನು ಮಣ್ಣುಮಾಡಲಾಯಿತು. 2008ರಲ್ಲಿ ಜಾದರಿನಲ್ಲಿ ತೆರೆದ ದೊಡ್ಡ ಕ್ರೀಡಾಭವನಕ್ಕೆ ಊರಿನವರು ಅವರ ಹೆಸರನ್ನೇ ಇಟ್ಟಿದ್ದಾರೆ.