ಗಣಿತಾಚಾರ್ಯ ಮಹಾವೀರರು

ಚಳ್ಳಕೆರೆಯಲ್ಲಿ ಕಡಲೆಕಾಯಿಯ ವ್ಯಾಪಾರವನ್ನೂ ಮೊಳಕಾಲ್ಮೂರಿನಲ್ಲಿ ರೇಷ್ಮೆಯ ನೆಯ್ಗೆಯನ್ನೂ ನಡೆಸುತ್ತ, ನಿತ್ಯವೂ ಲೆಕ್ಕದಲ್ಲಿಯೇ ಬಾಳುವ ಮನೆಗಳಿಂದ ಬಂದ ಬಾಲಿಕೆಯರು ಕರಿಹಲಗೆಯ ಮೇಲಿನ ಲೆಕ್ಕಕ್ಕೆ ಅಂಜುವುದೇಕೆಂದು ನಾವು ಬಹುಕಾಲ ಚಿಂತಿಸಿದ್ದುಂಟು. ಲೆಕ್ಕದಲ್ಲಿ ತೇರ್ಗಡೆಯಾಗದ ಹುಡುಗಿಯನ್ನು ಶಾಲೆ ಬಿಡಿಸಿಬಿಡುವುದು ಸುಲಭವಾದ್ದರಿಂದ ಇದು ಸಣ್ಣ ಚಿಂತೆಯಲ್ಲ. ಇದಕ್ಕೆ ಸಾವಿರದ ನೂರು ವರ್ಷಗಳಿಗೂ ಹಿಂದೆಯೇ ದಾರಿ ತೋರಿಸಿದ ನಮ್ಮ ನಾಡಿನ ಮಹನೀಯರೊಬ್ಬರ ಚರಿತ್ರೆಯನ್ನು ಹಳೆಯ ವಿದ್ಯಾರ್ಥಿನಿಯರಿಗೂ ತಾಯಿತಂದೆಗಳಿಗೂ ಅರಿಕೆಮಾಡುವೆವು.

ಮಹಾವೀರಾಚಾರ್ಯರು ಜೈನಮತಸ್ಥರು. ರಾಷ್ಟ್ರಕೂಟ ಚಕ್ರವರ್ತಿಯಾದ ಅಮೋಘವರ್ಷ ನೃಪತುಂಗನು ಮಾನ್ಯಖೇಟದಲ್ಲಿ, ಅಂದರೆ ಈಗಿನ ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ, ರಾಜ್ಯವಾಳುತ್ತಿದ್ದ ಕಾಲದವರು. ಕನ್ನಡದ ಕವಿರಾಜಮಾರ್ಗವು ಹುಟ್ಟಿದ್ದೂ ಆ ಅರಸನ ಆಸ್ಥಾನದಲ್ಲಿಯೇ. ಕ್ರಿ. ಶ. 850ರ ಸುಮಾರಿನಲ್ಲಿ ಆಚಾರ್ಯರು ಸಂಸ್ಕೃತ ಪದ್ಯಗಳಲ್ಲಿ ಗಣಿತಸಾರಸಂಗ್ರಹವೆಂಬ ಗ್ರಂಥವನ್ನು ರಚಿಸಿ, ಅದರ ಆದಿಯಲ್ಲಿ ಅರಸನನ್ನು ಕೊಂಡಾಡಿದರು. 628ರಲ್ಲಿ ಬ್ರಹ್ಮಗುಪ್ತರು ಗಣಿತವನ್ನು ಜ್ಯೋತಿಷಗ್ರಂಥದ ಭಾಗವಾಗಿ ಬರೆದಿದ್ದರು; ಇವರಾದರೋ ಗಣಿತಕ್ಕೇ ಒಂದು ಪೂರ್ಣ ಗ್ರಂಥವನ್ನು ಮೀಸಲಿಟ್ಟರು. ಅಡಿಗೆ, ವೈದ್ಯ, ಸಂಗೀತ, ನಾಟಕ, ವಾಸ್ತುವಿದ್ಯೆ ಇವೆಲ್ಲಕ್ಕೂ ಗಣಿತವು ಬೇಕೆಂದು ಪೀಠಿಕೆಯಲ್ಲಿಯೇ ತಿಳಿಸಿದರು. ಅಡಿಗೆಮನೆಯನ್ನು ಅವರು ಮರೆಯಲಿಲ್ಲವೆಂಬುದನ್ನು ನಮ್ಮ ಸಹೋದರಿಯರು ಗಮನಿಸಬೇಕು.

ಅವರ ಬೋಧನಾಕ್ರಮವು ಬಲು ಸೊಗಸಾದುದು. ಭಿನ್ನರಾಶಿಯನ್ನು ಕಲಿಸಬೇಕಾದರೆ ತಾವರೆಯ ದುಂಬಿಗಳನ್ನೂ, ಕಾಡಿನ ಆನೆಗಳನ್ನೂ, ಹರಿದ ಹಾರದಿಂದ ಚೆಲ್ಲಿದ ಮುತ್ತುಗಳನ್ನೂ ಕಣ್ಣಮುಂದೆ ತಂದು ನಿಲ್ಲಿಸುವರು. ಒಂದು ಲೆಕ್ಕದಲ್ಲಿ 9 ಮಾದಳದ ಹಣ್ಣಿಗೂ 7 ಬೇಲದ ಹಣ್ಣಿಗೂ ಕೂಡಿ ಬೆಲೆ 107. 7 ಮಾದಳಕ್ಕೂ 9 ಬೇಲಕ್ಕೂ 101. ಎರಡನ್ನೂ ಕೂಡಿಸಿದರೆ ಬಗೆಗೆ ಹದಿನಾರರಂತೆ ಹಣ್ಣುಗಳಿಗೆ 208. ಆದಕಾರಣ ಒಂದೊಂದರ ಜೊತೆಗೆ 13. ಕಳೆದರೆ ಒಂದಕ್ಕಿಂತ ಇನ್ನೊಂದು 3 ಹೆಚ್ಚು. ಮಾದಳಕ್ಕೆ 8, ಬೇಲಕ್ಕೆ 5 ಎಂದು ಚಿಕ್ಕ ಮಕ್ಕಳೂ ಹೇಳಬಲ್ಲರು. 139ನ್ನು 109ರಿಂದ ಗುಣಿಸಿದರೆ 15151 ಬರುವುದು. ಎಡದಿಂದಲೂ ಬಲದಿಂದಲೂ ಒಂದೇ ಬಗೆಯಾಗಿ ಕಾಣುವ ಇಂಥ ಸಂಖ್ಯೆಗಳನ್ನು ಅವರು ಹಾರಗಳಿಗೆ ಹೋಲಿಸಿದರು.

ಋಣಸಂಖ್ಯೆಗೆ ವರ್ಗಮೂಲವಿಲ್ಲವೆಂದು ಅವರು ಸ್ಪಷ್ಟವಾಗಿ ಹೇಳಿದರು. ಆದರೆ ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆಯು ಬದಲಾಗದೆಂದು ಬರೆದುದು ತಪ್ಪು. ಅಂಥ ಪಂಡಿತರೂ ಎಡವಿದರೆಂದು ಹೇಳಿದಾಗ ನಮ್ಮ ಬಾಲಿಕೆಯರ ಮುಖವು ಅರಳುವುದನ್ನು ಕಂಡಿದ್ದೇವೆ.

ಅವರ ಗ್ರಂಥವನ್ನು ಹನ್ನೊಂದನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನನು ತೆಲುಗಿಗೆ ತಂದನು. ಮುಂದೆ ಕನ್ನಡದಲ್ಲಿ ರಾಜಾದಿತ್ಯನು ವ್ಯವಹಾರಗಣಿತವನ್ನು ಬರೆದನು. 1912ರಲ್ಲಿ ಎಂ. ರಂಗಾಚಾರ್ಯರು ಮದರಾಸಿನಲ್ಲಿ ಆಚಾರ್ಯರ ಮೂಲವನ್ನು ಇಂಗ್ಲಿಷ್ ಭಾಷಾಂತರದೊಡನೆ ಅಚ್ಚುಹಾಕಿಸಿದ ಮೇಲೆ ಲೋಕವೆಲ್ಲ ಅವರನ್ನು ಅರಿಯಿತು.

ಈ ಚರಿತ್ರೆಯು ನಮ್ಮನ್ನೇ ತಿದ್ದಿತೆಂದು ಒಪ್ಪಿಕೊಳ್ಳಬೇಕು. ಬಾಲಿಕೆಯೊಬ್ಬಳು ಲೆಕ್ಕದ ಪುಸ್ತಕದ ತುಂಬ ಟೆಲಿವಿಷನ್ನಿನ ಛೋಟಾ ಭೀಮನೆಂಬ ಕಾರ್ಟೂನನ್ನು ಬರೆದಿದ್ದಳು. ನಾವು ಗದರಿಸಿ ಪುಸ್ತಕವನ್ನು ಕಿತ್ತಿಟ್ಟೆವು. ಅವಳು ಮೂರು ದಿನ ಶಾಲೆಗೆ ಬರಲಿಲ್ಲ. ಆಚಾರ್ಯರ ದುಂಬಿಗಳು ಆಗ ನೆನಪಿಗೆ ಬಂದವು. ಅವಳನ್ನು ಕರೆಸಿ, ಭೀಮನು ತನ್ನ ಲಡ್ಡುಗಳಲ್ಲಿ ಮೂರನೆಯ ಒಂದು ಪಾಲನ್ನು ತಿಂದು, ಉಳಿದುದರಲ್ಲಿ ಅರ್ಧವನ್ನು ಗೆಳೆಯರಿಗೆ ಕೊಟ್ಟ ಮೇಲೆ 8 ಉಳಿದರೆ ಮೊದಲು ಎಷ್ಟಿದ್ದವೆಂದು ಕೇಳಿದೆವು. ಸ್ವಲ್ಪ ಹೊತ್ತು ಯೋಚಿಸಿ 24 ಎಂದಳು. ಅಂದಿನಿಂದ ಆ ತರಗತಿಯಲ್ಲಿ ಭೀಮನಿಗೂ ಒಂದು ಸ್ಥಾನವುಂಟು.

ನಮ್ಮ ಕರ್ತನೂ ನೂರು ಕುರಿಗಳನ್ನೂ ಹತ್ತು ನಾಣ್ಯಗಳನ್ನೂ ಎಣಿಸುತ್ತ, ಕೇಳುವವರ ಮನೆಯಲ್ಲಿದ್ದ ವಸ್ತುಗಳಿಂದಲೇ ಉಪದೇಶಿಸಿದನಲ್ಲವೇ? ತಾಯಿತಂದೆಗಳು ಹೆಣ್ಣುಮಕ್ಕಳಿಗೆ ಲೆಕ್ಕವೇಕೆಂದು ಕೇಳದೆ, ಸಂತೆಯ ಚೀಲವನ್ನೂ ಮಗ್ಗದ ಲೆಕ್ಕವನ್ನೂ ಅವರ ಕೈಗೆ ಒಪ್ಪಿಸಬೇಕೆಂದು ವಿನಯಪೂರ್ವಕವಾಗಿ ಬೇಡುತ್ತೇವೆ. ಕಳೆದುಹೋದ ಒಂದೇ ಕುರಿಯನ್ನೂ ಹುಡುಕುವುದು ನಮ್ಮ ಕೆಲಸ.