ಕನ್ನಡಕ್ಕೆ ಕಾವ್ಯದ ಪಾಠ ಹೇಳಿಸಿದ ದೊರೆ ನೃಪತುಂಗ

ಹೈದರಾಬಾದಿನ ಕಾಚಿಗೂಡದಲ್ಲಿ ನೃಪತುಂಗನ ಹೆಸರು ಹೊತ್ತ ಕನ್ನಡಿಗರ ವಿದ್ಯಾಸಂಸ್ಥೆಯನ್ನು ಅರಿಯದ ಕನ್ನಡಿಗರು ಈ ನಗರದಲ್ಲಿ ವಿರಳ. ಆದರೆ ಆ ದೊರೆಯು ಯಾರು, ಪಾಠಶಾಲೆಗೂ ಆತನಿಗೂ ಏನು ನಂಟು ಎಂದು ಮಗುವೊಂದು ಕೇಳಿದರೆ ನಮ್ಮಲ್ಲಿ ಎಷ್ಟು ಜನ ಉತ್ತರ ಕೊಟ್ಟೇವು? ಇಂದು ಆತನ ಚರಿತ್ರೆಯನ್ನು ವಾಚಕರ ಮುಂದಿಡಲು ಬಯಸುತ್ತೇವೆ.

ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಗೋವಿಂದನು ಉತ್ತರದ ದಂಡಯಾತ್ರೆಯಲ್ಲಿದ್ದ ಕಾಲದಲ್ಲಿ, ಸುಮಾರು 800ರಲ್ಲಿ, ಶ್ರೀಭವನವೆಂಬಲ್ಲಿ ಈತನು ಜನಿಸಿದನು. 814ರಲ್ಲಿ ತಂದೆ ತೀರಿಕೊಂಡಾಗ, ಮೀಸೆ ಮೂಡುವ ಮೊದಲೇ ಬಾಲಕನ ತಲೆಯ ಮೇಲೆ ಕಿರೀಟವು ಕುಳಿತಿತು. ಸಾಮಂತರು ದಂಗೆಯೆದ್ದರು; ಸಿಂಹಾಸನವೇ ಕೈತಪ್ಪಿತು. ಗುಜರಾತಿನ ಶಾಖೆಯ ಬಂಧು ಕರ್ಕನು ನೆರವಿಗೆ ನಿಂತು 821ರ ವೇಳೆಗೆ ರಾಜ್ಯವನ್ನು ಮರಳಿ ದೊರಕಿಸಿಕೊಟ್ಟನು. ಆ ಬಳಿಕ ವೇಂಗಿಯ ಚಾಲುಕ್ಯರೊಡನೆಯೂ ಗಂಗರೊಡನೆಯೂ ಕದನಗಳು ನಡೆದವು. ಕೊನೆಗೆ ಮಗಳಾದ ಚಂದ್ರಬ್ಬಲಬ್ಬೆಯನ್ನು ಗಂಗರ ಬೂತುಗನಿಗೆ ಧಾರೆಯೆರೆದು, ಹಗೆತನವನ್ನು ನೆಂಟಸ್ತನವಾಗಿ ಮಾರ್ಪಡಿಸಿದನು. ಪ್ರಜೆಗಳಿಗೊದಗಿದ ವಿಪತ್ತನ್ನು ನೀಗಲು ತನ್ನ ಎಡಗೈಯ ಬೆರಳನ್ನೇ ಮಹಾಲಕ್ಷ್ಮಿಗೆ ಅರ್ಪಿಸಿದನೆಂದು 871ರ ಸಂಜಾನ ತಾಮ್ರಶಾಸನವು ಸಾರುತ್ತದೆ.

ಆತನ ರಾಜಧಾನಿಯಾದ ಮಾನ್ಯಖೇಟವು ಕಲಬುರಗಿ ಜಿಲ್ಲೆಯ ಇಂದಿನ ಮಳಖೇಡ. 1956ರವರೆಗೆ ಅದು ಹೈದರಾಬಾದ್ ರಾಜ್ಯದ ಗಡಿಯೊಳಗೇ ಇದ್ದಿತು. ಆದುದರಿಂದ ಇಲ್ಲಿಯ ಕನ್ನಡಿಗರಿಗೆ ಆತನು ದೂರದವನೇನೂ ಅಲ್ಲ.

ಅರವತ್ತಕ್ಕೂ ಹೆಚ್ಚು ವರ್ಷ ಆಳಿದ ಈ ದೊರೆಯ ಆಸ್ಥಾನದಲ್ಲಿ ವಿದ್ಯೆಗೆ ಮೊದಲ ಮಣೆ. ಆದಿಪುರಾಣವನ್ನು ರಚಿಸಿದ ಜಿನಸೇನಾಚಾರ್ಯರು ಆತನ ಗೌರವಕ್ಕೆ ಪಾತ್ರರಾದವರು. ಮಹಾವೀರಾಚಾರ್ಯನ ಗಣಿತಸಾರಸಂಗ್ರಹವೂ ಶಾಕಟಾಯನನ ಅಮೋಘವೃತ್ತಿಯೆಂಬ ವ್ಯಾಕರಣವೂ ಅವನ ಕಾಲದವೇ. ಅಮೋಘವರ್ಷವೆಂಬ ಅವನ ಬಿರುದೇ ಆ ವ್ಯಾಕರಣಕ್ಕೆ ಹೆಸರಾಯಿತು.

ಇವೆಲ್ಲವೂ ಸಂಸ್ಕೃತದಲ್ಲಿದ್ದವು. ಕನ್ನಡಕ್ಕೆ ದೊರೆತುದು ಕವಿರಾಜಮಾರ್ಗ. ನಮಗೆ ಲಭ್ಯವಿರುವ ಕನ್ನಡ ಗ್ರಂಥಗಳಲ್ಲಿ ಅದೇ ಅತ್ಯಂತ ಹಳೆಯದು. ಅದನ್ನು ಬರೆದವನು ದೊರೆಯ ಸಭೆಯ ಶ್ರೀವಿಜಯನೆಂದು ವಿದ್ವಾಂಸರು ಬಹುಮಟ್ಟಿಗೆ ಒಪ್ಪಿದ್ದಾರೆ. ನೃಪತುಂಗನ ಒಪ್ಪಿಗೆಯ ಮುದ್ರೆ ಮಾತ್ರ ಅದರ ಮೇಲಿದೆ. ಅದು ಕಥೆಯಲ್ಲ, ಪುರಾಣವಲ್ಲ. ಬರೆಯ ಬಯಸುವವರಿಗೆ ಪಾಠಪುಸ್ತಕ. ಮೂರು ಪರಿಚ್ಛೇದಗಳಲ್ಲಿ ಮೊದಲನೆಯದು ದೋಷಗಳನ್ನೂ, ಎರಡನೆಯದು ಶಬ್ದಾಲಂಕಾರಗಳನ್ನೂ, ಮೂರನೆಯದು ಅರ್ಥಾಲಂಕಾರಗಳನ್ನೂ ತಿಳಿಸುತ್ತದೆ. ಗದ್ಯ, ಪದ್ಯ, ಯತಿ, ಪ್ರಾಸ, ಉಪಮೆ, ರೂಪಕ ಮೊದಲಾದ ಮಾತುಗಳನ್ನು ಕನ್ನಡದ ಉದಾಹರಣೆಗಳೊಡನೆ ಬಿಡಿಸಿ ಹೇಳಿದ ಮೊದಲ ಉಪಾಧ್ಯಾಯನೆಂದರೆ ಈ ಗ್ರಂಥವೇ. ದಂಡಿಯ ಸಂಸ್ಕೃತ ಕಾವ್ಯಾದರ್ಶವು ಅದಕ್ಕೆ ಆಧಾರವಾದರೂ, ಕನ್ನಡದ ಜಾಯಮಾನವನ್ನು ಅದು ಬಿಟ್ಟುಕೊಡಲಿಲ್ಲ. ಸಂಸ್ಕೃತ ಪದಕ್ಕೆ ಕನ್ನಡ ಪದವನ್ನು ವಿವೇಚನೆಯಿಲ್ಲದೆ ಸಮಾಸ ಮಾಡುವುದು ಕುದಿಯುವ ಹಾಲಿಗೆ ಮಜ್ಜಿಗೆಯ ಹನಿ ಬೆರಸಿದಂತೆ ಎಂಬುದು ಅದರ ಅಭಿಪ್ರಾಯ. ಹಲವು ವರ್ಷ ಹೋಟೆಲಿನಲ್ಲಿ ಹಾಲು ಕಾಯಿಸಿದ ನಮಗೆ ಆ ಹೋಲಿಕೆಯ ಸತ್ಯ ಚೆನ್ನಾಗಿ ಗೊತ್ತು. ಒಂದು ಹನಿಗೆ ಇಡೀ ಕೊಳಗದ ಹಾಲು ಒಡೆಯುತ್ತದೆ.

ಕಾವೇರಿಯಿಂದ ಗೋದಾವರಿಯವರೆಗೆ ಹಬ್ಬಿದ ನಾಡಿನ ಜನರು ಓದದಿದ್ದರೂ ಕಾವ್ಯದ ಮರ್ಮವನ್ನು ಬಲ್ಲವರೆಂದು ಅದೇ ಗ್ರಂಥವು ಹೊಗಳಿದೆ. ಹಾಗಿದ್ದ ಮೇಲೆ ಪಾಠಪುಸ್ತಕದ ಅಗತ್ಯವೇನಿತ್ತೆಂದು ಕೆಲವರು ಕೇಳಬಹುದು. ಬಲ್ಲುದಕ್ಕೆ ಹೆಸರಿಲ್ಲದಿದ್ದರೆ ಅದನ್ನು ಇನ್ನೊಬ್ಬರಿಗೆ ದಾಟಿಸಲಾಗದು ಎಂಬುದೇ ನಮ್ಮ ಉತ್ತರ. ಕೈಯಳತೆಯಲ್ಲಿ ಸಾರು ಮಾಡುವ ಅಡಿಗೆಯವನು ಊರಿಗೆ ಹೋದ ದಿನ ಹೋಟೆಲಿನ ಸಾರು ಕೆಡುತ್ತದೆ. ಪರಊರಿನಲ್ಲಿ ಭಾಷೆಯ ಗತಿಯೂ ಅದೇ.

ನಾವು ಎಸ್.ಎಸ್.ಎಲ್.ಸಿ. ವರೆಗೆ ಓದಿದವರು, ಪಾಂಡಿತ್ಯವನ್ನು ಮೆರೆಯಲಾರೆವು. ಗಲ್ಲಾಪೆಟ್ಟಿಗೆಯನ್ನು ಬಿಟ್ಟು ಸಂಪಾದಕನ ಮೇಜಿಗೆ ಬಂದಾಗ, ಶಾಲೆಯಲ್ಲಿ ಕಲಿತ ಆ ಹತ್ತಿಪ್ಪತ್ತು ಮಾತುಗಳೇ ನಮ್ಮ ಮೂಲಧನವಾದವು. ಇಂದು ನಮ್ಮ ಕಚೇರಿಗೆ ಬರುವ ಎಳೆಯರಲ್ಲಿ ಭಾವನೆಗೆ ಕೊರತೆಯಿಲ್ಲ. ಆದರೆ ಪದ್ಯದಲ್ಲಿ ಪ್ರಾಸ ತಪ್ಪಿದೆಯೆಂದರೆ ಪ್ರಾಸವೆಂದರೇನೆಂದು ಕೇಳುತ್ತಾರೆ; ಅದೇ ವಸ್ತುವಿನ ಇಂಗ್ಲಿಷ್ ಹೆಸರು ಮಾತ್ರ ಅವರಿಗೆ ಕಂಠಪಾಠ. ತಪ್ಪು ಅವರದಲ್ಲ, ಹೇಳಿಕೊಡದ ನಮ್ಮದು.

ನೃಪತುಂಗನು 878ರ ಸುಮಾರಿಗೆ ಕಾಲವಶನಾದನು. ಆತನ ಸಾಮ್ರಾಜ್ಯವು ಮುಂದಿನ ನೂರು ವರ್ಷಗಳಲ್ಲಿ ಅಳಿಯಿತು. ಮಳಖೇಡದಲ್ಲಿ ಉಳಿದಿರುವುದು ಪಾಳುಕೋಟೆ. ಆತನ ಸಭೆ ಕೊಟ್ಟ ಪಾಠವಾದರೋ ಇನ್ನೂ ಪಾಳುಬಿದ್ದಿಲ್ಲ. ತಂದೆತಾಯಿಗಳು ರಾತ್ರಿಯ ಊಟವಾದ ಮೇಲೆ ದಿನಕ್ಕೊಂದು ಮಾತನ್ನು, ಇಂದು ಉಪಮೆ, ನಾಳೆ ಪ್ರಾಸ ಎಂದು, ಮಕ್ಕಳಿಗೆ ಹೇಳಿಕೊಟ್ಟರೆ ಸಾಕು. ಆ ದೊರೆಯ ಹೆಸರನ್ನು ಹಲಗೆಯ ಮೇಲೆ ಬರೆದುದಕ್ಕೂ ಸಾರ್ಥಕವಾದೀತು.